ದೇವಾಲಯ ಕಟ್ಟಿದ ಅರಸ ಸೊಲೊಮೋನ

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿರುವ ಈ ಪುಣ್ಯಕಾಲದಲ್ಲಿ, ದೇವಾಲಯವೆಂದರೇನು, ದೇವರಿಗೆ ಮನುಷ್ಯನು ಮನೆ ಕಟ್ಟುವುದೆಂದರೇನು ಎಂಬ ಪ್ರಶ್ನೆಗಳು ಭಕ್ತಾದಿಗಳ ಮನಸ್ಸಿನಲ್ಲಿ ಏಳುವುದು ಸಹಜವೇ ಆಗಿದೆ. ಈ ಪ್ರಶ್ನೆಗಳಿಗೆ ಉತ್ತರವನ್ನರಸುವವರು ಪವಿತ್ರ ಬೈಬಲಿನ ಹಳೆಯ ಒಡಂಬಡಿಕೆಯತ್ತ ತಿರುಗಬೇಕು. ಅಲ್ಲಿ ನಮಗೆ ಎದುರಾಗುವವನು ಇಸ್ರಯೇಲಿನ ಮೂರನೆಯ ಅರಸನಾದ ಸೊಲೊಮೋನ. ಜೆರುಸಲೇಮಿನ ಮೊದಲ ಮಹಾದೇವಾಲಯವನ್ನು ಕಟ್ಟಿಸಿದವನು ಇವನೇ. ಇವನ ಜ್ಞಾನವೂ ಸಿರಿಯೂ ಲೋಕದಲ್ಲಿ ಗಾದೆಯ ಮಾತಾಗಿವೆ. ಆದರೆ ಇವನ ಬಾಳಿನ ಸಂಜೆ ಹೇಗಿತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ದೇವಾಲಯದ ಶತಮಾನೋತ್ಸವವನ್ನು ಆಚರಿಸುವ ಜನರಿಗೆ ಆ ಮುಂಜಾನೆಯೂ ಆ ಸಂಜೆಯೂ ಎರಡೂ ತಿಳಿದಿರತಕ್ಕದ್ದು.

ದಾವೀದನ ಬಯಕೆ

ಈ ಆಲಯದ ಕನಸು ಮೊದಲು ಕಂಡವನು ಸೊಲೊಮೋನನಲ್ಲ, ಅವನ ತಂದೆಯಾದ ದಾವೀದ. ಇಸ್ರಯೇಲಿನ ಜನ ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿ ಮರುಭೂಮಿಯಲ್ಲಿ ಅಲೆಯುತ್ತಿದ್ದ ಕಾಲದಿಂದಲೂ ಅವರ ದೇವರಿಗೆ ಕಟ್ಟಡವೆಂಬುದು ಇರಲಿಲ್ಲ. ಹತ್ತು ಕಟ್ಟಳೆಗಳ ಕಲ್ಲಿನ ಹಲಗೆಗಳನ್ನು ಒಳಗೊಂಡ ಒಡಂಬಡಿಕೆಯ ಮಂಜೂಷವು ಗುಡಾರದಲ್ಲಿರುತ್ತಿತ್ತು. ಜನ ನಡೆದಾಗ ಅದೂ ನಡೆಯಿತು, ಜನ ತಂಗಿದಾಗ ಅದೂ ತಂಗಿತು. ದಾವೀದನು ಜೆರುಸಲೇಮನ್ನು ಗೆದ್ದು ರಾಜಧಾನಿಯಾಗಿ ಮಾಡಿಕೊಂಡು, ಮಂಜೂಷವನ್ನು ಅಲ್ಲಿಗೆ ತರಿಸಿದನು. ತಾನು ದೇವದಾರು ಮರದ ಅರಮನೆಯಲ್ಲಿರುವಾಗ ದೇವರ ಮಂಜೂಷ ಬಟ್ಟೆಯ ಡೇರೆಯಲ್ಲಿರುವುದು ಅವನ ಮನಸ್ಸನ್ನು ಕೊರೆಯತೊಡಗಿತು.

ಆದರೆ ಪ್ರವಾದಿ ನಾತಾನನ ಮೂಲಕ ಬಂದ ದೈವವಾಣಿ ಬೇರೆಯೇ ಆಗಿತ್ತು. ದಾವೀದನು ದೇವರಿಗೆ ಮನೆ ಕಟ್ಟುವುದಲ್ಲ, ದೇವರೇ ದಾವೀದನಿಗೆ ಮನೆತನವೊಂದನ್ನು ಕಟ್ಟಿಕೊಡುವರು, ಅವನ ಮಗನು ಆಲಯವನ್ನು ಕಟ್ಟುವನು ಎಂಬುದು ಅದರ ಸಾರ. ಮನೆಗಿಂತ ಮನೆತನ ಮೊದಲು, ಮನುಷ್ಯನ ಕೊಡುಗೆಗಿಂತ ದೇವರ ಕೊಡುಗೆ ಮೊದಲು ಎಂಬ ಸತ್ಯ ಅಡಿಗಲ್ಲಿಗೂ ಮುಂಚೆಯೇ ಹೀಗೆ ಸ್ಥಾಪಿತವಾಯಿತು. ಯುದ್ಧಗಳಲ್ಲಿ ಬಹಳ ರಕ್ತ ಹರಿಸಿದ ಕೈಗಳಿಗೆ ಆ ಭಾಗ್ಯ ದೊರೆಯಲಿಲ್ಲವೆಂದು ಪೂರ್ವಕಾಲ ವೃತ್ತಾಂತದ ಗ್ರಂಥ ತಿಳಿಸುತ್ತದೆ.

ಆಲಯದ ನಿವೇಶನವೂ ದಾವೀದನ ಕಾಲದ್ದೇ. ನಾಡಿಗೆ ವ್ಯಾಧಿ ತಗಲಿದಾಗ ಅವನು ಯೆಬೂಸ್ಯನಾದ ಅರೌನನೆಂಬವನ ಕಣದಲ್ಲಿ ಬಲಿಪೀಠ ಕಟ್ಟಬೇಕಾಯಿತು. ಅರೌನನು ಕಣವನ್ನೂ ಎತ್ತುಗಳನ್ನೂ ಉಚಿತವಾಗಿ ಕೊಡಲು ಮುಂದಾದನು. ತನಗೆ ಖರ್ಚೇ ಇಲ್ಲದ ಬಲಿಯನ್ನು ದೇವರಿಗೆ ಅರ್ಪಿಸಲು ದಾವೀದನು ಒಪ್ಪದೆ 50 ಬೆಳ್ಳಿ ನಾಣ್ಯಗಳ ತೂಕವನ್ನು ಕೊಟ್ಟು ಅದನ್ನು ಕೊಂಡನು. ಧಾನ್ಯ ತೂರುವ ಆ ಬಯಲು ಕಣವೇ ಮುಂದೆ ದೇವಾಲಯದ ನೆಲೆಯಾಯಿತು. ಅದನ್ನು ಮೊರೀಯ ಬೆಟ್ಟವೆಂದೂ ಬೈಬಲ್ ಕರೆಯುತ್ತದೆ.

ಸಿಂಹಾಸನದ ದಾರಿ

ಸೊಲೊಮೋನನು ದಾವೀದ ಹಾಗೂ ಬತ್ಷೆಬೆಯರ ಮಗ. ಅವನ ಹೆಸರಿನಲ್ಲಿ ಶಾಂತಿ ಎಂಬರ್ಥದ ಹಿಬ್ರೂ ಪದದ ಧ್ವನಿಯಿದೆ. ನಾತಾನನು ಅವನಿಗೆ ಯೆದೀದ್ಯ, ಅಂದರೆ ಸರ್ವೇಶ್ವರನಿಗೆ ಪ್ರಿಯನಾದವನು ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದನು. ಆದರೆ ಅವನು ಪಟ್ಟಕ್ಕೇರಿದ ದಾರಿ ಶಾಂತವಾದುದಲ್ಲ. ದಾವೀದನು ಹಣ್ಣುಹಣ್ಣು ಮುದುಕನಾಗಿದ್ದಾಗ ಹಿರಿಯ ಮಗ ಅದೋನೀಯನು ತಾನೇ ಅರಸನೆಂದು ಔತಣವಿಟ್ಟನು. ಬತ್ಷೆಬೆಯೂ ನಾತಾನನೂ ಮುದಿ ಅರಸನ ಬಳಿಗೆ ಧಾವಿಸಿದರು. ಅಂದೇ ಸೊಲೊಮೋನನನ್ನು ಅರಸನ ಹೇಸರಗತ್ತೆಯ ಮೇಲೆ ಕುಳ್ಳಿರಿಸಿ ಗೀಹೋನ್ ಬುಗ್ಗೆಯ ಬಳಿಗೆ ಕರೆದೊಯ್ದರು. ಯಾಜಕ ಚಾದೋಕನು ಅವನಿಗೆ ತೈಲಾಭ್ಯಂಗ ಮಾಡಿದನು. ಕಹಳೆ ಮೊಳಗಿತು. ಇದು ನಡೆದುದು ಸುಮಾರು ಕ್ರಿ.ಪೂ. 970ರಲ್ಲೆಂದು ವಿದ್ವಾಂಸರ ಎಣಿಕೆ.

ತಂದೆಯ ಮರಣಾನಂತರ ಅದೋನೀಯನೂ ಸೇನಾಪತಿ ಯೋವಾಬನೂ ಕತ್ತಿಗೆ ಬಲಿಯಾದರು. ಯಾಜಕ ಎಬ್ಯಾತಾರನನ್ನು ಅನಾತೋತಿಗೆ ಅಟ್ಟಲಾಯಿತು. ಶಾಂತಿಯ ಹೆಸರು ಹೊತ್ತವನ ಆಳ್ವಿಕೆ ರಕ್ತದಿಂದಲೇ ಆರಂಭವಾಯಿತೆಂಬುದನ್ನು ಬೈಬಲ್ ಮುಚ್ಚಿಡುವುದಿಲ್ಲ. ದೇವರು ಆರಿಸಿಕೊಂಡವರೆಲ್ಲ ಕಳಂಕರಹಿತರೆಂದು ಪವಿತ್ರ ಗ್ರಂಥ ಎಂದೂ ಹೇಳಿಲ್ಲ.

ಗಿಬ್ಯೋನಿನ ಬೇಡಿಕೆ

ಆಳ್ವಿಕೆಯ ಆರಂಭದಲ್ಲಿ ಸೊಲೊಮೋನನು ಗಿಬ್ಯೋನಿನ ಗುಡ್ಡದ ಮೇಲೆ ಸಾವಿರ ದಹನಬಲಿಗಳನ್ನು ಅರ್ಪಿಸಿದನು. ಆ ರಾತ್ರಿ ಕನಸಿನಲ್ಲಿ ದೇವರು ಅವನಿಗೆ ಕಾಣಿಸಿಕೊಂಡು, ಬೇಕಾದ ವರವನ್ನು ಕೇಳಿಕೊಳ್ಳುವಂತೆ ತಿಳಿಸಿದರು. ಅವನು ದೀರ್ಘಾಯುಸ್ಸನ್ನು ಕೇಳಲಿಲ್ಲ. ಐಶ್ವರ್ಯವನ್ನಾಗಲಿ ಶತ್ರುಗಳ ಪ್ರಾಣವನ್ನಾಗಲಿ ಬೇಡಲಿಲ್ಲ. ತಾನಿನ್ನೂ ವ್ಯವಹಾರ ತಿಳಿಯದ ಬಾಲಕನಂತಿರುವೆನೆಂದು ಒಪ್ಪಿಕೊಂಡು, ಒಳಿತು ಕೆಡುಕುಗಳನ್ನು ಬೇರ್ಪಡಿಸಿ ತಿಳಿದು ಜನರಿಗೆ ನ್ಯಾಯ ತೀರಿಸಲು ಬೇಕಾದ ವಿವೇಕವನ್ನು ಬೇಡಿದನು. ಹಿಬ್ರೂ ಮೂಲದಲ್ಲಿ ಇಲ್ಲಿರುವ ಪದಗಳಿಗೆ ಆಲಿಸುವ ಹೃದಯ ಎಂದು ಅರ್ಥ. ಜ್ಞಾನವೆಂದರೆ ಬಹಳ ಮಾತನಾಡುವುದಲ್ಲ, ಮೊದಲು ಕಿವಿಗೊಡುವುದು. ದೇವರು ಈ ಬೇಡಿಕೆಗೆ ಮೆಚ್ಚಿ, ಅವನು ಕೇಳದ ಸಿರಿಯನ್ನೂ ಕೀರ್ತಿಯನ್ನೂ ಸೇರಿಸಿ ಕೊಟ್ಟರು.

ಈ ವರದ ಫಲ ಬೇಗನೆ ಕಾಣಿಸಿತು. ಒಂದೇ ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡುತ್ತಾ ಅರಸನೆದುರು ಬಂದ ಕಥೆಯನ್ನು ನಮ್ಮ ಮಕ್ಕಳೂ ಧರ್ಮೋಪದೇಶದ ತರಗತಿಯಲ್ಲಿ ಕೇಳಿರುತ್ತಾರೆ. ಮಗುವನ್ನು ಕತ್ತರಿಸಿ ಹಂಚಬೇಕೆಂಬ ಆಜ್ಞೆಯೆದುರು ಹೆತ್ತ ಕರುಳು ಯಾವುದೆಂಬುದು ತಾನಾಗಿಯೇ ಹೊರಬಂತು. ಆ ಇಬ್ಬರೂ ಸಮಾಜ ಕೀಳಾಗಿ ಕಾಣುತ್ತಿದ್ದ ವೇಶ್ಯೆಯರು. ಅಂಥವರ ಅಹವಾಲನ್ನೂ ಅರಸನೇ ಕುಳಿತು ಆಲಿಸಿದನೆಂಬುದು ತೀರ್ಪಿನಷ್ಟೇ ದೊಡ್ಡ ಸಂಗತಿ.

ಏಳು ವರ್ಷಗಳ ಕಾರ್ಯ

ಆಳ್ವಿಕೆಯ 4ನೆಯ ವರ್ಷದಲ್ಲಿ ಆಲಯದ ಅಡಿಗಲ್ಲು ಬಿತ್ತು. ಇಸ್ರಯೇಲರಲ್ಲಿ ಇಂಥ ಕಟ್ಟಡ ಕಟ್ಟಿ ಅನುಭವವಿದ್ದವರು ವಿರಳ. ಆದುದರಿಂದ ಸೊಲೊಮೋನನು ತಂದೆಯ ಮಿತ್ರನಾಗಿದ್ದ ಟೈರ್ ಪಟ್ಟಣದ ಅರಸ ಹೀರಾಮನ ನೆರವು ಕೋರಿದನು. ಲೆಬನೋನ್ ಬೆಟ್ಟಗಳ ದೇವದಾರು ಮರಗಳನ್ನು ಕಡಿದು, ತೆಪ್ಪಗಳಾಗಿ ಕಟ್ಟಿ, ಸಮುದ್ರದ ಮೇಲೆ ತೇಲಿಸಿ ತಂದರು. ಪ್ರತಿಯಾಗಿ ಹೀರಾಮನ ಅರಮನೆಗೆ ಗೋದಿಯೂ ಎಣ್ಣೆಯೂ ವರ್ಷವರ್ಷವೂ ಹೋಗುತ್ತಿದ್ದವು. ಕಂಚಿನ ಕೆಲಸಕ್ಕೆ ಬಂದ ಶಿಲ್ಪಿಯ ಹೆಸರೂ ಹೀರಾಮನೆಂದೇ. ಅವನ ತಾಯಿ ನಫ್ತಾಲಿ ಕುಲದ ವಿಧವೆ, ತಂದೆ ಟೈರಿನವನು. ಹೀಗೆ ಇಸ್ರಯೇಲಿನ ದೇವರ ಆಲಯದಲ್ಲಿ ಅನ್ಯಜನರ ಮರವೂ ಅನ್ಯಜನರ ಕೈಚಳಕವೂ ಸೇರಿಕೊಂಡವು.

ಕಲ್ಲುಗಳನ್ನೆಲ್ಲ ಗಣಿಯಲ್ಲಿಯೇ ಕೆತ್ತಿ ಸಿದ್ಧಪಡಿಸಿ ತಂದು ಜೋಡಿಸಿದುದರಿಂದ, ಆಲಯ ಏಳುತ್ತಿದ್ದಾಗ ಸುತ್ತಿಗೆ, ಕೊಡಲಿ ಮೊದಲಾದ ಕಬ್ಬಿಣದ ಉಪಕರಣಗಳ ಸದ್ದು ಅಲ್ಲಿ ಕೇಳಿಸಲಿಲ್ಲವೆಂದು ಅರಸುಗಳ ಗ್ರಂಥ ಹೇಳುತ್ತದೆ. ಕಟ್ಟಡದ ಉದ್ದ 60 ಮೊಳ, ಅಗಲ 20 ಮೊಳ, ಎತ್ತರ 30 ಮೊಳ. ಮೊಳಕ್ಕೆ ಒಂದೂವರೆ ಅಡಿಯೆಂದರೆ ಸುಮಾರು 90 ಅಡಿ ಉದ್ದ, 30 ಅಡಿ ಅಗಲ, 45 ಅಡಿ ಎತ್ತರ. ಇಷ್ಟೊಂದು ಖ್ಯಾತಿಯ ಆಲಯ ಇಷ್ಟೇ ಅಳತೆಯದೇ ಎಂದು ನಮಗೆ ಸೋಜಿಗವಾದೀತು. ಇಂದಿನ ಎಷ್ಟೋ ಧರ್ಮಕೇಂದ್ರಗಳ ದೇವಾಲಯಗಳು ಇದಕ್ಕಿಂತ ಉದ್ದವಾಗಿವೆ. ಕಾರಣವಿಷ್ಟೆ: ಅದು ಜನ ಒಳಗೆ ನೆರೆಯುವ ಸಭಾಮಂದಿರವಾಗಿರಲಿಲ್ಲ. ಬಲಿಪೀಠವೂ ಭಕ್ತರೂ ಹೊರಗಿನ ಪ್ರಾಕಾರದಲ್ಲಿರುತ್ತಿದ್ದರು. ಒಳಗಿನದು ದೇವರ ನಾಮ ನೆಲೆಗೊಳ್ಳುವ ಮನೆ.

ಒಳಭಾಗ ಮೂರು ಹಂತಗಳಲ್ಲಿತ್ತು: ಮುಖಮಂಟಪ, ಪವಿತ್ರಸ್ಥಾನ, ಗರ್ಭಗುಡಿ. ಮುಖಮಂಟಪದ ಎದುರು ಯಾಕೀನ್ ಮತ್ತು ಬೋವಜ್ ಎಂಬ ಹೆಸರಿನ ಎರಡು ಕಂಚಿನ ಕಂಬಗಳು ನಿಂತಿದ್ದವು. ಪ್ರಾಕಾರದಲ್ಲಿ 12 ಕಂಚಿನ ಎತ್ತುಗಳ ಬೆನ್ನಿನ ಮೇಲೆ 10 ಮೊಳ ಅಗಲದ ದೊಡ್ಡ ಕೊಪ್ಪರಿಗೆಯಿತ್ತು. ಇಂಥ ಮೂರು ಹಂತದ ದೇಗುಲಗಳು ಆ ಕಾಲದ ಸಿರಿಯಾ ದೇಶದಲ್ಲಿಯೂ ಇದ್ದವು. ಉತ್ತರ ಸಿರಿಯಾದ ಐನ್ ದಾರಾ ಎಂಬಲ್ಲಿ ಅಗೆದು ತೆಗೆದ ದೇಗುಲ ಇದಕ್ಕೆ ಒಳ್ಳೆಯ ನಿದರ್ಶನವಾಗಿತ್ತು. 2018ರ ವೈಮಾನಿಕ ದಾಳಿಯಲ್ಲಿ ಅದರ ಬಹುಭಾಗ ಹಾಳಾಯಿತು. ಆಕಾರ ನೆರೆಯವರದೇ ಆದರೂ ಒಂದು ಮುಖ್ಯ ವ್ಯತ್ಯಾಸವಿತ್ತು. ನೆರೆಯವರ ಗರ್ಭಗುಡಿಯಲ್ಲಿ ದೇವತೆಯ ವಿಗ್ರಹ ಕುಳಿತಿರುತ್ತಿತ್ತು. ಜೆರುಸಲೇಮಿನ ಗರ್ಭಗುಡಿಯಲ್ಲಿ ರೆಕ್ಕೆ ಚಾಚಿದ ಎರಡು ಕೆರೂಬಿಗಳ ಕೆಳಗೆ ಮಂಜೂಷವಿತ್ತು, ಮಂಜೂಷದಲ್ಲಿ ಎರಡು ಕಲ್ಲಿನ ಹಲಗೆಗಳಲ್ಲದೆ ಬೇರೇನೂ ಇರಲಿಲ್ಲ. ಆ ಹಲಗೆಗಳಲ್ಲಿದ್ದುದು ದೇವರನ್ನು ಪ್ರೀತಿಸು, ನೆರೆಯವನಿಗೆ ಕೇಡು ಮಾಡಬೇಡವೆಂಬ ಕಟ್ಟಳೆಗಳು. ಆ ಆಲಯದ ಹೃದಯದಲ್ಲಿದ್ದುದು ದೇವರು ಮತ್ತು ಜನರ ನಡುವಿನ ಒಡಂಬಡಿಕೆ.

ಪ್ರತಿಷ್ಠಾಪನೆಯ ದಿನ

7 ವರ್ಷಗಳಲ್ಲಿ ಕಾರ್ಯ ಮುಗಿಯಿತು. ಪರ್ಣಕುಟೀರಗಳ ಹಬ್ಬದ ಕಾಲದಲ್ಲಿ ಯಾಜಕರು ಮಂಜೂಷವನ್ನು ಹೊತ್ತು ತಂದು ಗರ್ಭಗುಡಿಯಲ್ಲಿರಿಸಿದರು. ಅವರು ಹೊರಬಂದೊಡನೆ ಮೇಘವೊಂದು ಆಲಯವನ್ನು ತುಂಬಿತು. ಸೇವೆ ಸಲ್ಲಿಸಲು ಯಾಜಕರು ಅಲ್ಲಿ ನಿಲ್ಲಲಾರದೆ ಹೋದರು. ಮರುಭೂಮಿಯಲ್ಲಿ ಗುಡಾರದ ಮೇಲೆ ಇಳಿದ ಮೇಘವೇ ಇಲ್ಲಿಗೂ ಬಂದಿತೆಂದರೆ, ಅಲೆದಾಡಿದ ಜನರೊಡನೆ ಅಲೆದ ದೇವರೇ ಈಗ ಅವರ ನಡುವೆ ನೆಲೆ ನಿಂತರೆಂದು ಅರ್ಥ.

ಆಗ ಸೊಲೊಮೋನನು ಬಲಿಪೀಠದ ಎದುರು ಕೈಗಳನ್ನು ಆಕಾಶದೆಡೆಗೆ ಚಾಚಿ ಮಾಡಿದ ಪ್ರಾರ್ಥನೆ ಅವನ ಬಾಳಿನ ಶಿಖರ. ಇಷ್ಟು ವರ್ಷ ದುಡಿದು ಕಟ್ಟಿದ ಮನೆಯೆದುರು ನಿಂತು, ಆಕಾಶವೂ ಆಕಾಶಗಳ ಮೇಲಣ ಆಕಾಶವೂ ಹಿಡಿಸಲಾರದ ದೇವರನ್ನು ಈ ಮನೆ ಹೇಗೆ ಹಿಡಿಸೀತೆಂದು ಅವನೇ ಕೇಳಿದನು. ತಾನು ಕಟ್ಟಿದುದರ ಮಿತಿಯನ್ನು ತಾನೇ ಅರಿತ ಆ ಕ್ಷಣಕ್ಕಿಂತ ದೊಡ್ಡ ಜ್ಞಾನ ಅವನ ಬಾಳಿನಲ್ಲಿ ಬೇರೆ ಕಾಣದು. ಅನಂತರ ಏಳು ಸಂದರ್ಭಗಳನ್ನು ಒಂದೊಂದಾಗಿ ದೇವರ ಮುಂದಿಟ್ಟನು. ನೆರೆಯವನ ವಿರುದ್ಧ ಪ್ರಮಾಣ ಮಾಡಬೇಕಾಗಿ ಬಂದವನು, ಸೋತು ಬಂದ ಜನ, ಮಳೆಯಿಲ್ಲದ ನಾಡು, ಬರಗಾಲ ವ್ಯಾಧಿಗಳಿಗೆ ತುತ್ತಾದವರು, ದೂರದೇಶದಿಂದ ಬಂದ ಪರಕೀಯ, ಯುದ್ಧಕ್ಕೆ ಹೊರಟವರು, ಸೆರೆಯಾಗಿ ಒಯ್ಯಲ್ಪಟ್ಟವರು. ಇವರೆಲ್ಲರೂ ಈ ಸ್ಥಳದತ್ತ ಮುಖ ಮಾಡಿ ಪ್ರಾರ್ಥಿಸಿದಾಗ ಪರಲೋಕದಿಂದ ಆಲಿಸಿ ಕ್ಷಮಿಸಬೇಕೆಂದು ಬೇಡಿದನು. ಪರಕೀಯನ ಹೆಸರು ಈ ಪಟ್ಟಿಯಲ್ಲಿರುವುದನ್ನು ನಾವು ಗಮನಿಸಬೇಕು. ದೇವಾಲಯದ ಪ್ರತಿಷ್ಠಾಪನೆಯ ವಾರ್ಷಿಕೋತ್ಸವದ ಬಲಿಪೂಜೆಗೆ ಧರ್ಮಸಭೆ ನೀಡಿರುವ ವಾಚನಗಳಲ್ಲಿ ಈ ಪ್ರಾರ್ಥನೆಯ ಭಾಗವೂ ಸೇರಿದೆ.

ಇದಾದ ಮೇಲೆ ದೇವರು ಸೊಲೊಮೋನನಿಗೆ ಎರಡನೆಯ ಬಾರಿ ಕಾಣಿಸಿಕೊಂಡರು. ಅರಸನೂ ಜನರೂ ಆಜ್ಞೆಗಳಲ್ಲಿ ನಡೆದರೆ ದೇವರ ಕಣ್ಣೂ ಮನಸ್ಸೂ ಸದಾ ಆ ಆಲಯದ ಮೇಲಿರುವುವು. ಅನ್ಯದೇವತೆಗಳತ್ತ ತಿರುಗಿದರೆ ಅದೇ ಆಲಯ ಹಾಳುದಿಬ್ಬವಾಗಿ ದಾರಿಹೋಕರಿಗೆ ಬೆರಗಾಗುವುದು. ಕಟ್ಟಡಕ್ಕೆ ತಾನಾಗಿಯೇ ರಕ್ಷಣೆಯಿಲ್ಲವೆಂದು ಮೊದಲೇ ತಿಳಿಸಲಾಗಿತ್ತು.

ವೈಭವದ ಬೆಲೆ

ಆಲಯದ ತರುವಾಯ ಅರಮನೆಯ ಸರದಿ. ಆಲಯಕ್ಕೆ 7 ವರ್ಷ ಹಿಡಿದರೆ ಅರಮನೆಗೆ 13 ವರ್ಷ ಹಿಡಿಯಿತು. ಕೆಂಪು ಸಮುದ್ರದ ತೀರದಿಂದ ಹಡಗುಗಳು ಓಫೀರಿಗೆ ಹೋಗಿ ಬಂಗಾರ ತಂದವು. ಅರಸನ ಹಡಗುಗಳು ಮೂರು ವರ್ಷಕ್ಕೊಮ್ಮೆ ತರುತ್ತಿದ್ದ ಸರಕಿನಲ್ಲಿ ನವಿಲುಗಳೂ ಇದ್ದವೆಂದು ಹಲವು ಭಾಷಾಂತರಗಳು ಹೇಳುತ್ತವೆ. ಅಲ್ಲಿನ ಹಿಬ್ರೂ ಪದ ನಮ್ಮ ದ್ರಾವಿಡ ಭಾಷೆಗಳ ತೋಕೆ ಎಂಬ ಪದಕ್ಕೆ ಸಂಬಂಧಿಸಿದ್ದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಎಲ್ಲರೂ ಅದನ್ನು ಒಪ್ಪಿಲ್ಲ. ಶೆಬ ದೇಶದ ರಾಣಿ ಒಂಟೆಗಳ ಮೇಲೆ ಸುಗಂಧದ್ರವ್ಯಗಳನ್ನೂ ಬಂಗಾರವನ್ನೂ ಹೇರಿಕೊಂಡು ಬಂದು, ಅರಸನ ಜ್ಞಾನವನ್ನು ಒಗಟುಗಳಿಂದ ಪರೀಕ್ಷಿಸಿ, ಬೆರಗಾಗಿ ಹಿಂದಿರುಗಿದಳು.

ಈ ವೈಭವದ ಬೆಲೆ ತೆತ್ತವರು ಯಾರು? ಲೆಬನೋನಿನ ಕೆಲಸಕ್ಕೆಂದು 30,000 ಇಸ್ರಯೇಲರನ್ನು ಬಿಟ್ಟಿ ದುಡಿಮೆಗೆ ಹಿಡಿಯಲಾಯಿತು. ಸರದಿಯಂತೆ ತಿಂಗಳಿಗೆ 10,000 ಮಂದಿ ಬೆಟ್ಟಕ್ಕೆ ಹೋಗಬೇಕು, ಎರಡು ತಿಂಗಳು ಮನೆಯಲ್ಲಿರಬೇಕು. ಹೊರೆ ಹೊರುವವರು 70,000, ಕಲ್ಲು ಕಡಿಯುವವರು 80,000. ನಾಡನ್ನು 12 ಭಾಗ ಮಾಡಿ, ಒಂದೊಂದು ಭಾಗ ಒಂದೊಂದು ತಿಂಗಳು ಅರಮನೆಯ ಊಟದ ಖರ್ಚು ವಹಿಸಬೇಕೆಂದು ವಿಧಿಸಲಾಯಿತು. ಫರೋಹನ ಇಟ್ಟಿಗೆಗೂಡಿನಿಂದ ಬಿಡುಗಡೆ ಹೊಂದಿದವರ ಮಕ್ಕಳು ತಮ್ಮ ಅರಸನ ಗಣಿಯಲ್ಲಿ ಬೆವರು ಸುರಿಸಿದರು. ಅವರಲ್ಲೊಬ್ಬನ ಹೆಸರೂ ಬೈಬಲಿನಲ್ಲಿ ಉಳಿದಿಲ್ಲ. ಗೊಣಗಾಟ ಮಾತ್ರ ಉಳಿಯಿತು, ಮುಂದೊಂದು ದಿನ ಅದು ಸಿಡಿಯಿತು.

ಇಬ್ಭಾಗವಾದ ಹೃದಯ

ಅರಸನಾದವನು ಕುದುರೆಗಳನ್ನೂ ಪತ್ನಿಯರನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಕೂಡದೆಂದು ಧರ್ಮೋಪದೇಶಕಾಂಡ ವಿಧಿಸಿದೆ. ಸೊಲೊಮೋನನು ಮೂರನ್ನೂ ಮೀರಿದನು. ಅವನಿಗೆ 1,400 ರಥಗಳಿದ್ದವು. ವರ್ಷವೊಂದಕ್ಕೆ 666 ತಲಾಂತು ಬಂಗಾರ ಬರುತ್ತಿತ್ತು. 700 ಮಂದಿ ರಾಣಿಯರೂ 300 ಮಂದಿ ಉಪಪತ್ನಿಯರೂ ಇದ್ದರು. ಬಹುಪಾಲು ವಿವಾಹಗಳು ನೆರೆಯ ರಾಜ್ಯಗಳೊಡನೆ ಮಾಡಿಕೊಂಡ ರಾಜಕೀಯ ಸಂಬಂಧಗಳಾಗಿದ್ದಿರಬೇಕು. ಆದರೆ ರಾಣಿಯರೊಡನೆ ಅವರ ದೇವತೆಗಳೂ ಬಂದವು. ಮುಪ್ಪಿನಲ್ಲಿ ಅವನು ಅಷ್ಟೋರೆತಳಿಗೂ ಮಿಲ್ಕೋಮನಿಗೂ ಮಾರುಹೋದನು. ಜೆರುಸಲೇಮಿನ ಪೂರ್ವದಿಕ್ಕಿನ ಬೆಟ್ಟದಲ್ಲಿ ಮೋವಾಬ್ಯರ ಕೆಮೋಷನಿಗೆ ಪೂಜಾಸ್ಥಾನ ಕಟ್ಟಿಸಿದನು. ಸರ್ವೇಶ್ವರನಿಗೆ ಆಲಯ ಕಟ್ಟಿದ ಕೈಗಳೇ ಎದುರು ಬೆಟ್ಟದಲ್ಲಿ ಇದನ್ನೂ ಕಟ್ಟಿದವು.

ಸೊಲೊಮೋನನು ದೇವಾಲಯದ ಬಾಗಿಲು ಮುಚ್ಚಿದನೆಂದು ಬೈಬಲ್ ಎಲ್ಲಿಯೂ ಹೇಳುವುದಿಲ್ಲ ಎಂಬುದು ಚಿಂತಿಸತಕ್ಕ ವಿಷಯ. ಅಲ್ಲಿ ಬಲಿಗಳು ನಡೆಯುತ್ತಲೇ ಇದ್ದವು, ಧೂಪ ಏರುತ್ತಲೇ ಇತ್ತು. ಆದರೆ ಅರಸನ ಹೃದಯ ಪೂರ್ಣವಾಗಿ ಅಲ್ಲಿರಲಿಲ್ಲ. ಆಲಿಸುವ ಹೃದಯವನ್ನು ಬೇಡಿದವನು ಇಬ್ಭಾಗವಾದ ಹೃದಯದಿಂದ ಮುಗಿಸಿದನು. ಹೃದಯ ಇಬ್ಭಾಗವಾದಂತೆ ರಾಜ್ಯವೂ ಆಯಿತು. ಪ್ರವಾದಿ ಅಹೀಯನು ಹೊಸ ಹೊದಿಕೆಯನ್ನು 12 ತುಂಡುಗಳಾಗಿ ಹರಿದು, 10 ತುಂಡುಗಳನ್ನು ಬಿಟ್ಟಿ ಆಳುಗಳ ಮೇಲ್ವಿಚಾರಕನಾಗಿದ್ದ ಯಾರೊಬ್ಬಾಮನ ಕೈಗೆ ಕೊಟ್ಟನು.

40 ವರ್ಷ ಆಳಿ ಸೊಲೊಮೋನನು ಸುಮಾರು ಕ್ರಿ.ಪೂ. 931ರಲ್ಲಿ ಮೃತನಾಗಿ ದಾವೀದನ ನಗರದಲ್ಲಿ ಸಮಾಧಿಯಾದನು. ಜನ ಶೆಕೆಮಿನಲ್ಲಿ ಕೂಡಿ, ನೊಗವನ್ನು ಹಗುರಗೊಳಿಸಬೇಕೆಂದು ಅವನ ಮಗ ರೆಹಬ್ಬಾಮನನ್ನು ಬೇಡಿಕೊಂಡರು. ಹಿರಿಯರ ಬುದ್ಧಿವಾದವನ್ನು ತಳ್ಳಿ ಅವನು ಗದರಿಸಿದನು. ಆಲಿಸುವ ಹೃದಯ ಬೇಡಿದವನ ಮಗನಿಗೆ ಕೇಳುವ ಕಿವಿಯೇ ಇರಲಿಲ್ಲ. 10 ಕುಲಗಳು ಬೇರೆಯಾದವು, ಬಿಟ್ಟಿ ದುಡಿಮೆಯ ಅಧಿಕಾರಿಯನ್ನು ಜನ ಕಲ್ಲೆಸೆದು ಕೊಂದರು. ಯಾರೊಬ್ಬಾಮನು ಬೇತೇಲ್ ಮತ್ತು ದಾನ್ ಎಂಬಲ್ಲಿ ಬಂಗಾರದ ಹೋರಿಕರುಗಳನ್ನು ನಿಲ್ಲಿಸಿ, ತನ್ನ ಜನ ಜೆರುಸಲೇಮಿಗೆ ಹೋಗದಂತೆ ಮಾಡಿದನು. ಎಲ್ಲರನ್ನೂ ಒಂದುಗೂಡಿಸಬೇಕಾಗಿದ್ದ ಆಲಯಕ್ಕೆ ಅರ್ಧಕ್ಕೂ ಹೆಚ್ಚು ಜನರೇ ಇಲ್ಲವಾದರು.

ಆಲಯದ ಮುಂದಿನ ಕಥೆ

ಸೊಲೊಮೋನನ ಪೂಜಾಸ್ಥಾನಗಳು ಸುಮಾರು 300 ವರ್ಷ ಎದುರು ಬೆಟ್ಟದಲ್ಲಿಯೇ ಇದ್ದವು. ಧರ್ಮಿಷ್ಠನಾದ ಯೋಷೀಯ ಅರಸನು ಅವನ್ನು ಕೆಡವಿಸಿದನು. ಕ್ರಿ.ಪೂ. 587ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಆಲಯವನ್ನು ಸುಟ್ಟು, ಜನರನ್ನು ಸೆರೆಯೊಯ್ದಿತು. ಆಗ ಸೊಲೊಮೋನನ ಪ್ರಾರ್ಥನೆಯ ಕೊನೆಯ ಬೇಡಿಕೆ ಸೆರೆಯಾಳುಗಳಿಗೆ ಆಸರೆಯಾಯಿತು. ಆಲಯವಿಲ್ಲದ ನಾಡಿನಲ್ಲಿ ಆಲಯವಿದ್ದ ದಿಕ್ಕಿಗೆ ಮುಖ ಮಾಡಿ ಪ್ರಾರ್ಥಿಸುವುದನ್ನು ಅವರು ಕಲಿತರು. ಹಿಂದಿರುಗಿ ಬಂದವರು ಕ್ರಿ.ಪೂ. 515ರಲ್ಲಿ ಎರಡನೆಯ ಆಲಯವನ್ನು ಮುಗಿಸಿದರು. ಅದರ ಗರ್ಭಗುಡಿಯಲ್ಲಿ ಮಂಜೂಷವಿರಲಿಲ್ಲ. ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆಯು ಅದರೊಳಗೆ ನುಗ್ಗಿ ನೋಡಿದಾಗ ಯಾವ ವಿಗ್ರಹವೂ ಅವನಿಗೆ ಕಾಣಲಿಲ್ಲ. ಆ ಆಲಯವನ್ನು ಹೆರೋದನು ವಿಸ್ತರಿಸಿದನು. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಅದನ್ನೂ ನೆಲಸಮ ಮಾಡಿತು.

ಈ ಎರಡನೆಯ ಆಲಯಕ್ಕೇ ಮಾತೆ ಮರಿಯಮ್ಮನವರು ಬಾಲಯೇಸುವನ್ನು ಎತ್ತಿಕೊಂಡು ಬಂದರು. ಸೊಲೊಮೋನನ ಮಂಟಪವೆಂದು ಕರೆಯುತ್ತಿದ್ದ ಅದರ ಪಡಸಾಲೆಯಲ್ಲಿಯೇ ಪ್ರಭು ಯೇಸು ಚಳಿಗಾಲದಲ್ಲಿ ನಡೆದಾಡಿದರು, ಸಂತ ಪೇತ್ರರು ಕುಂಟನನ್ನು ಗುಣಪಡಿಸಿದ ಮೇಲೆ ಅಲ್ಲಿಯೇ ಬೋಧಿಸಿದರು. ಸೊಲೊಮೋನನ ಸಕಲ ವೈಭವವೂ ಹೊಲದ ಹೂವಿನ ಸೊಬಗಿಗೆ ಸಾಟಿಯಲ್ಲವೆಂದೂ, ಅವನಿಗಿಂತ ಹಿರಿದಾದುದು ಈಗ ಬಂದಿದೆಯೆಂದೂ ಪ್ರಭು ತಿಳಿಸಿದರು. ತಮ್ಮ ದೇಹವೇ ನಿಜವಾದ ಆಲಯವೆಂದು ಸೂಚಿಸಿದರು. ಅವರ ಮರಣದ ಗಳಿಗೆಯಲ್ಲಿ ಆಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಸೊಲೊಮೋನನ ಗರ್ಭಗುಡಿ ಉದ್ದ, ಅಗಲ, ಎತ್ತರಗಳೆಲ್ಲ 20 ಮೊಳವಾಗಿ ಸಮಚೌಕವಾಗಿತ್ತು. ಪ್ರಕಟನಾ ಗ್ರಂಥದಲ್ಲಿ ಸಂತ ಯೊವಾನ್ನರು ಕಂಡ ಹೊಸ ಜೆರುಸಲೇಮ್ ನಗರವೂ ಸಮಚೌಕ, ಆದರೆ ಅಲ್ಲಿ ಆಲಯವೇ ಇಲ್ಲ. ವರ್ಷಕ್ಕೊಮ್ಮೆ ಒಬ್ಬ ಪ್ರಧಾನ ಯಾಜಕನು ಮಾತ್ರ ಪ್ರವೇಶಿಸುತ್ತಿದ್ದ ಗರ್ಭಗುಡಿ ಕೊನೆಗೆ ಸಮಸ್ತ ಜನರೂ ವಾಸಿಸುವ ನಗರವಾಗುತ್ತದೆ.

ನಮಗಿರುವ ಪಾಠ

ಸಿರಾಖನ ಗ್ರಂಥ ಸೊಲೊಮೋನನನ್ನು ಹೊಗಳುತ್ತಾ ಬಂದು, ಕೊನೆಗೆ ಅವನು ತನ್ನ ಕೀರ್ತಿಗೆ ತಾನೇ ಮಸಿ ಬಳಿದುಕೊಂಡನೆಂದು ವ್ಯಥೆಪಡುತ್ತದೆ. ಅದೇ ಗ್ರಂಥ, ದೇವರು ತಮ್ಮ ಕರುಣೆಯನ್ನು ಹಿಂದೆಗೆದುಕೊಳ್ಳಲಿಲ್ಲವೆಂದೂ ಸೇರಿಸುತ್ತದೆ. ಸಂತ ಮತ್ತಾಯರು ಬರೆದ ಯೇಸುವಿನ ವಂಶಾವಳಿಯಲ್ಲಿ ಸೊಲೊಮೋನನ ಹೆಸರಿದೆ. ಅವನ ಮನೆ ಸುಟ್ಟುಹೋಯಿತು, ದೇವರು ಕಟ್ಟಿದ ಮನೆತನ ಉಳಿಯಿತು.

ಪ್ರಿಯ ಭಕ್ತಾದಿಗಳೇ, ನೂರು ವರ್ಷದ ದೇವಾಲಯವೊಂದು ನಮ್ಮ ಪಾಲಿಗೆ ಬಂದಿರುವುದು ಹಿರಿಯರ ತ್ಯಾಗದಿಂದ. ಕಲ್ಲು ಹೊತ್ತವರ, ಮಣ್ಣು ಕಲಸಿದವರ ಹೆಸರುಗಳು ಯಾವ ಫಲಕದಲ್ಲಿಯೂ ಇರುವುದಿಲ್ಲ. ಅವರನ್ನು ಇಂದು ಪೂಜಾವೇದಿಕೆಯ ಬಳಿ ನೆನೆಯೋಣ. ಗೋಡೆಗೆ ಸುಣ್ಣ ಬಳಿಯುವುದು, ಗೋಪುರಕ್ಕೆ ದೀಪ ಹಚ್ಚುವುದು ಒಳ್ಳೆಯದೇ. ಆದರೆ ಎದುರು ಬೆಟ್ಟದಲ್ಲಿ ನಾವೇನು ಕಟ್ಟಿಕೊಂಡಿದ್ದೇವೆಂಬುದನ್ನು ಒಬ್ಬೊಬ್ಬರೂ ನೋಡಿಕೊಳ್ಳಬೇಕು. ಭಾನುವಾರ ಬಲಿಪೂಜೆಗೆ ಬಂದು, ಸೋಮವಾರ ಕೂಲಿಯವನ ಕೂಲಿಯನ್ನು ಹಿಡಿದಿಟ್ಟರೆ, ಅಣ್ಣತಮ್ಮಂದಿರ ಜಗಳವನ್ನು ವರ್ಷಾನುಗಟ್ಟಲೆ ಬೆಳೆಸಿದರೆ, ಬಾಗಿಲಿಗೆ ಬಂದ ಪರಕೀಯನಿಗೆ ಮುಖ ತಿರುಗಿಸಿದರೆ, ನಮ್ಮ ಹೃದಯವೂ ಸೊಲೊಮೋನನದರಂತೆ ಇಬ್ಭಾಗವಾಗಿದೆಯೆಂದೇ ತಿಳಿಯಬೇಕು. ಪರಮಪ್ರಸಾದದಲ್ಲಿ ಜೀವಂತ ದೇವರನ್ನು ಪಡೆದುಕೊಳ್ಳುವ ನಾವು ಸೊಲೊಮೋನನಿಗಿಂತ ಭಾಗ್ಯಶಾಲಿಗಳು, ಅವನಿಗಿಂತ ಹೆಚ್ಚಿನ ಲೆಕ್ಕವನ್ನೂ ಒಪ್ಪಿಸಬೇಕಾದವರು. ಗಿಬ್ಯೋನಿನಲ್ಲಿ ಅವನು ಬೇಡಿದ ಆಲಿಸುವ ಹೃದಯವನ್ನು ಈ ಶತಮಾನೋತ್ಸವದ ವರವಾಗಿ ನಾವೂ ಬೇಡೋಣ. ಅದನ್ನು ಕೊನೆಯ ಉಸಿರಿನವರೆಗೆ ಕಾಪಾಡಿಕೊಳ್ಳುವ ಕೃಪೆಯನ್ನು ಪ್ರಭು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ.